ದಾಳಿಂಬೆಗೆ ರಾತ್ರಿ ‘ಸೂಜಿ’ ಚುಚ್ಚುವ ಪತಂಗ

ಜತ್ತ: ಸಂಜೆ ನೋಡಿದಾಗ ಕೆಂಪಗೆ ಹೊಳೆಯುತ್ತಿದ್ದ ದಾಳಿಂಬೆ. ಬೆಳಿಗ್ಗೆ ಎದ್ದು ನೋಡಿದರೆ ಸಿಪ್ಪೆಯ ಮೇಲೆ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು. ಒತ್ತಿದರೆ ರಸ ಜಿನುಗುತ್ತದೆ. ಕೆಲವೇ ದಿನಗಳಲ್ಲಿ ತೂತಿನ ಸುತ್ತ ಕೊಳೆತು ಹಣ್ಣು ಉದುರುತ್ತದೆ. ‘ಇಷ್ಟು ಔಷಧ ಹೊಡದ್ರೂ ಹಿಂಗ್ಯಾಕಾತು?’ ಎಂದು ರೈತ ತಲೆ ಮೇಲೆ ಕೈ ಹೊತ್ತು ಕೂರಬೇಕು.

ಜತ್ತ, ಸಾಂಗೋಲಾ, ಪಂಢರಪುರ ಭಾಗದ ಬರದ ನೆಲಕ್ಕೆ ದಾಳಿಂಬೆಯೇ ರೊಕ್ಕ ತರುವ ಬೆಳೆ. ಸೊಲ್ಲಾಪುರದ ಬಳಿಯ ಕೇಗಾಂವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೇ ಇದೆ. ಆದರೆ ತೂತು ಬಿದ್ದ ಹಣ್ಣನ್ನು ಮಾತ್ರ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ.

ಈ ಕೆಲಸ ಮಾಡುವುದು ರಸ ಹೀರುವ ಪತಂಗ. ರೆಕ್ಕೆ ಮಡಚಿ ಕೂತರೆ ಥೇಟ್ ಒಣಗಿದ ಎಲೆ. ಬಿಚ್ಚಿದರೆ ಒಳರೆಕ್ಕೆ ಕಿತ್ತಳೆ ಹಳದಿ, ಅದರ ಮೇಲೆ ಕಪ್ಪು ಗುರುತು.

ಮೆತ್ತನೆಯ ನಳಿಕೆಯಲ್ಲ

ಚಿಟ್ಟೆ, ಪತಂಗಗಳ ಬಾಯಿ ಉದ್ದನೆಯ ಸೊಂಡಿಲು. ಬೇಡವಾದಾಗ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಹೂವಿನ ಜೇನು ಕುಡಿಯುವ ಚಿಟ್ಟೆಗೆ ಅದು ಮೆತ್ತನೆಯ ನಳಿಕೆ ಅಷ್ಟೇ; ದಾಳಿಂಬೆಯ ದಪ್ಪ ಸಿಪ್ಪೆಯ ಮುಂದೆ ಅದರ ಆಟ ನಡೆಯದು. ಈ ಪತಂಗದ ಸೊಂಡಿಲಿನ ತುದಿ ಮಾತ್ರ ಗಟ್ಟಿ, ಚೂಪು. ಅದರ ಮೇಲೆ ಸಣ್ಣ ಸಣ್ಣ ಮುಳ್ಳಿನ ಹಲ್ಲು. ಸೊಂಡಿಲು ಎರಡು ಹೋಳು ಜೋಡಿಸಿದ ನಳಿಕೆ. ಒಂದಾದ ಮೇಲೊಂದು ಹೋಳನ್ನು ಹಿಂದೆ ಮುಂದೆ ಸರಿಸುತ್ತ ಗರಗಸದಂತೆ ಸಿಪ್ಪೆ ಸೀಳಿ ಒಳಗಿಳಿಯುತ್ತದೆ. ಇದೇ ಬಳಗದ ಕಾಲಿಪ್ಟ್ರಾ ಎಂಬ ಪತಂಗಗಳಲ್ಲಿ ಕೆಲವು ಜಾತಿಯ ಗಂಡುಗಳು ಇಂಥದೇ ಸೊಂಡಿಲಿನಿಂದ ಪ್ರಾಣಿಗಳ ಚರ್ಮ ಚುಚ್ಚಿ ರಕ್ತ ಹೀರುತ್ತವೆ ಎಂದರೆ ಇದರ ಬಲ ಊಹಿಸಬಹುದು.

ಪತಂಗ ಕುಡಿಯುವ ರಸ ಸ್ವಲ್ಪವೇ. ನಷ್ಟ ಆಗುವುದು ಆಮೇಲೆ. ಅದೇ ತೂತಿನಿಂದ ಬೂಷ್ಟು, ಕೊಳೆರೋಗ ಒಳಗೆ ಹೊಗುತ್ತವೆ.

ಮರಿ ಇರುವುದು ಬದುವಿನ ಬಳ್ಳಿಯಲ್ಲಿ

ಹಣ್ಣು ಕೊರೆಯುವ ಇನ್ನೊಂದು ಕೀಡೆಯೂ ಇದೆ. ಅದು ದಾಳಿಂಬೆ ಚಿಟ್ಟೆಯ ಮರಿ. ಅದು ಹೊಕ್ಕರೆ ತೂತು ದೊಡ್ಡದು, ಬಾಯಲ್ಲಿ ಹಿಕ್ಕೆ ಕಾಣುತ್ತದೆ. ತೂತು ಸೂಜಿಯಷ್ಟಿದ್ದು, ಒಳಗೆ ಹುಳ ಇಲ್ಲದಿದ್ದರೆ ಅದು ಪತಂಗದ ಕೆಲಸ ಎಂದೇ ತಿಳಿಯಬೇಕು.

ಪತಂಗದ ಮರಿಹುಳ ದಾಳಿಂಬೆ ಮುಟ್ಟುವುದೇ ಇಲ್ಲ. ಅದು ಬೆಳೆಯುವುದು ಬದುವಿನ ಮೇಲಿನ ಅಮೃತಬಳ್ಳಿ, ಅಂದರೆ ಗುಳವೇಲ್, ಮತ್ತು ದಾಗಡಿ ಬಳ್ಳಿಯ ಎಲೆ ತಿಂದು. ರೆಕ್ಕೆ ಬಂದ ಪತಂಗ ತೋಟಕ್ಕೆ ಬರುವುದು ಕತ್ತಲಾದ ಮೇಲೆ. ಹಗಲು ಹೊತ್ತು ಹಣ್ಣಿನ ಮೇಲೆ ಔಷಧ ಹೊಡೆದರೆ ರೊಕ್ಕ ಖರ್ಚಾಗುವುದೇ ಹೊರತು ಪತಂಗ ಸಿಗದಿರುವುದಕ್ಕೆ ಕಾರಣ ಇದೇ.

ಮಳೆಗಾಲದಲ್ಲಿ ಬಳ್ಳಿ ಚಿಗುರಿದಂತೆ ಕಾಟವೂ ಹೆಚ್ಚು. ತೋಟದ ಸುತ್ತಲಿನ ಈ ಬಳ್ಳಿ ಕಿತ್ತು ತೆಗೆಯುವುದು ಮೊದಲ ಕೆಲಸ. ಮನೆ ಔಷಧಕ್ಕೆ ಗುಳವೇಲ್ ಬೇಕಾದವರು ತೋಟದಿಂದ ದೂರ ಬೆಳೆಸಿಕೊಳ್ಳಲಿ. ಬಲಿಯುವ ಹಣ್ಣಿಗೆ ಚೀಲ ಕಟ್ಟುವುದು, ಸಂಜೆ ಹೊಗೆ ಹಾಕುವುದು, ಉದುರಿದ ಹಣ್ಣು ಆರಿಸಿ ಹುಗಿಯುವುದು ಉಳಿದ ದಾರಿಗಳು. ಊಟ ಮುಗಿಸಿ ಬ್ಯಾಟರಿ ಹಿಡಿದು ತೋಟದಲ್ಲಿ ಒಂದು ಸುತ್ತು ಹಾಕಿದರೆ ಹಣ್ಣಿನ ಮೇಲೆ ಕೂತ ಪತಂಗವನ್ನು ಕೈಯಿಂದಲೇ ಹಿಡಿದು ಕೊಲ್ಲಬಹುದು. ಅದಕ್ಕೆ ಖರ್ಚೂ ಇಲ್ಲ.