ವಿಟಮಿನ್ ಮಾತ್ರೆ ಎಲ್ಲರಿಗೂ ಬೇಕೇ? ಅಥವಾ ಎಲ್ಲವೂ ಮೋಸವೇ?

ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ದಿನಕ್ಕೊಂದು ಮಲ್ಟಿವಿಟಮಿನ್ ನುಂಗಿದರೆ ಕಾಯಿಲೆಯೇ ಬರುವುದಿಲ್ಲ ಎನ್ನುವುದು ಒಂದು. ವಿಟಮಿನ್ ಮಾತ್ರೆಗಳೆಲ್ಲ ಕಂಪನಿಗಳ ಮೋಸ, ಬಿಸಾಡಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ಬೆಳಗಾವಿಯಲ್ಲಿ ಯಾರದೋ ದುಡ್ಡು ಹೋದೀತು. ಎರಡನೆಯದನ್ನು ನಂಬಿ ಖಾನಾಪುರದ ಗರ್ಭಿಣಿಯೊಬ್ಬರು ಮಾತ್ರೆ ನಿಲ್ಲಿಸಿದರೆ ಹೋಗುವುದು ಆರೋಗ್ಯ.

ಕೊರತೆ ಇಲ್ಲದವರಿಗೆ ಲಾಭವಿದೆಯೇ?

ಹೆಚ್ಚಾಗಿ ಇಲ್ಲ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ವಿಟಮಿನ್ ಡಿ ಪರೀಕ್ಷಿಸಲಾಯಿತು. ಮಾತ್ರೆ ತೆಗೆದುಕೊಂಡವರಿಗೂ ಖಾಲಿ ಮಾತ್ರೆ ನುಂಗಿದವರಿಗೂ ಕ್ಯಾನ್ಸರ್, ಹೃದಯಾಘಾತ ಬರುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿಟಮಿನ್ ಸಿ ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ.

ಯಾರಿಗೆ ನಿಜಕ್ಕೂ ಬೇಕು?

ಕೊರತೆ ಇರುವವರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೇ ಸರ್ಕಾರ ಗರ್ಭಿಣಿಯರಿಗೆ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆ್ಯಸಿಡ್‌ನ ಕೆಂಪು ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಗರ್ಭ ಧರಿಸುವ ಮೊದಲೇ ಫೋಲಿಕ್ ಆ್ಯಸಿಡ್ ಶುರು ಮಾಡಿದರೆ ಮಗುವಿನ ಬೆನ್ನುಹುರಿಯ ದೋಷಗಳು ಬಹುಪಾಲು ತಪ್ಪುತ್ತವೆ. ಇನ್ನು ಬಿ12 ಸೊಪ್ಪು, ಕಾಳು, ರೊಟ್ಟಿಯಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ಆದ್ದರಿಂದ ಹಾಲು, ಮೊಸರೂ ಕಡಿಮೆ ಬಳಸುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬೆಳಗಾವಿ ಕಂಡ ಉದಾಹರಣೆ

ನಾಲ್ಕು ದೇಶಗಳಲ್ಲಿ ನಡೆದ 'ವಿಮೆನ್ ಫಸ್ಟ್' ಅಧ್ಯಯನದ ಭಾರತದ ಕೇಂದ್ರ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು. ಹಳ್ಳಿಯ ಮಹಿಳೆಯರಿಗೆ ಗರ್ಭ ಧರಿಸುವ ಮೊದಲೇ ಅಥವಾ ಸುಮಾರು ಮೂರನೇ ತಿಂಗಳಿನಿಂದ ಪೌಷ್ಟಿಕ ಪೊಟ್ಟಣ ಕೊಟ್ಟರು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಪೊಟ್ಟಣ ಸಿಕ್ಕ ತಾಯಂದಿರ ಮಕ್ಕಳು ಹುಟ್ಟುವಾಗ ತುಸು ಹೆಚ್ಚು ಉದ್ದ, ತೂಕ ಇದ್ದರು. ಆದರೆ ಆ ಪೊಟ್ಟಣದಲ್ಲಿ ಇದ್ದದ್ದು ಬರೀ ವಿಟಮಿನ್ ಅಲ್ಲ, ಕೊಬ್ಬು, ಪ್ರೋಟೀನ್ ಕೂಡ. ಅಂದರೆ ಆಹಾರವೇ.

ಹೆಚ್ಚಾದರೆ ಹಾನಿ

ಫಿನ್ಲೆಂಡ್‌ನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಡಿಯ 60,000 ಯೂನಿಟ್ ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ವೈದ್ಯರು ಹೇಳಿದಷ್ಟು ವಾರ ಮಾತ್ರ. ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡಬಹುದು.

ಹಾಗಾದರೆ ಏನು ಮಾಡಬೇಕು?

ಸುಸ್ತು ಎಂದು ಮೆಡಿಕಲ್ ಅಂಗಡಿಗೆ ಓಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು ನಿಲ್ಲಿಸಬೇಡಿ. ಅದನ್ನು ಚಹಾದ ಜೊತೆ ಮಾತ್ರ ನುಂಗಬೇಡಿ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮುಂದಿನ ಸಲ "ಎಲ್ಲರೂ ತಗೊಳ್ಳಿ" ಅಥವಾ "ಎಲ್ಲರೂ ಬಿಡಿ" ಎನ್ನುವ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಗ್ರೂಪಿನಲ್ಲಿ ಗರ್ಭಿಣಿಯರು ಇದ್ದಾರೆಯೇ ಎಂದು ಒಮ್ಮೆ ಯೋಚಿಸಿ.