ಎರಡು ರಾತ್ರಿ, ಏಳು ರಾಜ್ಯ, ಒಂದು ರೈಲು

ಶಿಕಾಗೊ ನಗರದ ಯೂನಿಯನ್ ಸ್ಟೇಷನ್ನಿನಿಂದ ಪ್ರತಿದಿನ ಮಧ್ಯಾಹ್ನ ಪಶ್ಚಿಮಕ್ಕೆ ಹೊರಡುವ ರೈಲೊಂದಿದೆ. ಹೆಸರು ‘ಕ್ಯಾಲಿಫೋರ್ನಿಯಾ ಜೆಫರ್’. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿರುವ ಎಮರಿವಿಲ್ ತಲುಪಲು ಅದಕ್ಕೆ ಸುಮಾರು 52 ಗಂಟೆ ಬೇಕು; ಅದೂ ವೇಳೆಗೆ ಸರಿಯಾಗಿ ಓಡಿದರೆ. ದೂರ 2,438 ಮೈಲಿ, ಅಂದರೆ 3,900 ಕಿಲೋಮೀಟರಿಗೂ ಹೆಚ್ಚು. ಶಿಕಾಗೊದಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಹೋದರೆ ನಾಲ್ಕೂವರೆ ಗಂಟೆಯ ಆಸುಪಾಸು ಸಾಕು. ಹಾಗಿದ್ದರೂ ಎರಡು ರಾತ್ರಿ ರೈಲಿನಲ್ಲಿ ಕಳೆಯುವವರು ಯಾರು? ಕಾರು, ವಿಮಾನಗಳ ನಾಡಿನಲ್ಲಿ ಈ ರೈಲು ಇನ್ನೂ ಓಡುತ್ತಿರುವುದಾದರೂ ಏಕೆ?

ಜೆಫರ್ ಎಂಬುದು ಗ್ರೀಕ್ ಪುರಾಣದ ಪಡುವಣ ಗಾಳಿಯ ದೇವತೆಯಿಂದ ಬಂದ ಹೆಸರು. 1934ರಲ್ಲಿ ಬರ್ಲಿಂಗ್ಟನ್ ಕಂಪನಿ ತನ್ನ ಹೊಸ ಉಕ್ಕಿನ ಡೀಸೆಲ್ ರೈಲಿಗೆ ಈ ಹೆಸರಿಟ್ಟಿತು. 1949ರಲ್ಲಿ ಮೂರು ಖಾಸಗಿ ಕಂಪನಿಗಳು ಕೂಡಿ ಕ್ಯಾಲಿಫೋರ್ನಿಯಾ ಜೆಫರ್ ಆರಂಭಿಸಿದವು. ಬೆಟ್ಟಗುಡ್ಡಗಳನ್ನು ಕುಳಿತಲ್ಲಿಂದಲೇ ನೋಡಲೆಂದು ಬೋಗಿಯ ಮೇಲೆ ಗಾಜಿನ ಗುಮ್ಮಟ ಕಟ್ಟಿದ್ದು ಅದರ ಆಕರ್ಷಣೆ.

ಆದರೆ ಕಾಲ ರೈಲಿನ ಪರವಾಗಿರಲಿಲ್ಲ. 1956ರ ಕಾನೂನು ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಹಣ ಸುರಿಯಿತು. ಅದರ ಬೆನ್ನಿಗೇ ಜೆಟ್ ವಿಮಾನಗಳು ಬಂದವು. 1967ರಲ್ಲಿ ಅಂಚೆ ಇಲಾಖೆ ಹೆಚ್ಚಿನ ರೈಲುಗಳಿಂದ ಟಪಾಲು ಸಾಗಣೆಯನ್ನು ಹಿಂತೆಗೆದುಕೊಂಡಾಗ ಇದ್ದ ಆದಾಯವೂ ಹೋಯಿತು. 1970ರಲ್ಲಿ ಹಳೆಯ ಜೆಫರ್ ನಿಂತೇ ಹೋಯಿತು. ನಷ್ಟದಲ್ಲಿದ್ದ ಪ್ರಯಾಣಿಕ ರೈಲುಗಳನ್ನು ಖಾಸಗಿ ಕಂಪನಿಗಳಿಂದ ವಹಿಸಿಕೊಳ್ಳಲು ಸರ್ಕಾರ ‘ಆಮ್‌ಟ್ರಾಕ್’ ಸಂಸ್ಥೆಯನ್ನು ಹುಟ್ಟುಹಾಕಿತು. ಅದರ ಓಡಾಟ 1971ರ ಮೇ 1ರಂದು ಶುರುವಾಯಿತು. 1983ರಲ್ಲಿ ಅದೇ ಸಂಸ್ಥೆ ಬಹುಪಾಲು ಹಳೆಯ ಹಾದಿಯಲ್ಲಿ ಜೆಫರ್‌ಗೆ ಮರುಜೀವ ಕೊಟ್ಟಿತು.

ಈ ಹಾದಿ ಏಳು ರಾಜ್ಯಗಳನ್ನು ಹಾಯುತ್ತದೆ. ಮೊದಲ ಸಂಜೆ ಮಿಸಿಸಿಪ್ಪಿ ನದಿ ದಾಟಿದರೆ ಅಯೋವದ ಜೋಳದ ಹೊಲಗಳು. ನೆಬ್ರಾಸ್ಕ ಬಯಲು ಕತ್ತಲಲ್ಲೇ ಕಳೆಯುತ್ತದೆ. ಬೆಳಿಗ್ಗೆ ಡೆನ್ವರ್ ಬಿಟ್ಟ ಮೇಲೆ ರಾಕಿ ಪರ್ವತದ ಏರು. 1928ರಲ್ಲಿ ತೆರೆದ ಮೊಫಾಟ್ ಸುರಂಗ ಇಲ್ಲಿದೆ; ಸಮುದ್ರ ಮಟ್ಟದಿಂದ 9,200 ಅಡಿ ಎತ್ತರದಲ್ಲಿ ಹತ್ತು ಕಿಲೋಮೀಟರ್ ಉದ್ದ. ಡೀಸೆಲ್ ಹೊಗೆ ಒಳಗೆ ನುಗ್ಗದಿರಲೆಂದು ಸುರಂಗ ದಾಟುವವರೆಗೆ ಬೋಗಿಯಿಂದ ಬೋಗಿಗೆ ಓಡಾಡಬೇಡಿ ಎಂದು ಸಿಬ್ಬಂದಿ ಪ್ರಯಾಣಿಕರಿಗೆ ಹೇಳುತ್ತಾರೆ. ಮುಂದೆ ಸುಮಾರು 380 ಕಿಲೋಮೀಟರ್ ದೂರ ಕೊಲರಾಡೊ ನದಿಯೇ ಜೊತೆಗಾರ. ಯೂಟಾ ದಾಟುವಷ್ಟರಲ್ಲಿ ಎರಡನೆಯ ರಾತ್ರಿ. ಬೆಳಗಾದರೆ ನೆವಾಡದ ಮರುಭೂಮಿ, ಅದರಾಚೆ ಸಿಯೆರಾ ನೆವಾಡ ಪರ್ವತ.

ಸಿಯೆರಾದ ಈ ಹಾದಿಗೆ ಬೇರೆಯೇ ಚರಿತ್ರೆಯಿದೆ. 1860ರ ದಶಕದಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿಗಾಗಿ ಇಲ್ಲಿ ಕಲ್ಲು ಕಡಿದವರಲ್ಲಿ ಬಹುಪಾಲು ಜನ ಚೀನೀ ಕೂಲಿಕಾರರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ, ಪಶ್ಚಿಮಗಳ ಹಳಿಗಳು ಕೂಡಿದವು. ಗಾಡಿಗಳಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಒಂದು ವಾರಕ್ಕಿಳಿಯಿತು. ಆದರೆ 1882ರಲ್ಲಿ ಅಮೆರಿಕ ಕಾನೂನು ಮಾಡಿ ಚೀನೀ ಕಾರ್ಮಿಕರು ದೇಶದೊಳಗೆ ಬರುವುದನ್ನೇ ನಿಷೇಧಿಸಿತು. ಆ ದೇಶದ ಕಾರ್ಮಿಕ ಇಲಾಖೆ ತನ್ನ ಗೌರವ ಪಟ್ಟಿಗೆ ಈ ರೈಲ್ವೆ ಕಾರ್ಮಿಕರನ್ನು ಸೇರಿಸಿದ್ದು 2014ರಲ್ಲಿ.

ಪಶ್ಚಿಮಕ್ಕೆ ಹೋಗುವ ಪ್ರಯಾಣಿಕ ದಾರಿಯಲ್ಲಿ ಎರಡು ಬಾರಿ ಗಡಿಯಾರದ ಮುಳ್ಳನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಈ ವ್ಯವಸ್ಥೆಯೂ ರೈಲಿನದೇ ಕೊಡುಗೆ. ಮೊದಲು ಊರೂರಿಗೂ ಅದರದೇ ಸೂರ್ಯನ ಲೆಕ್ಕದ ಸಮಯವಿತ್ತು. ವೇಳಾಪಟ್ಟಿ ಮಾಡಲಾಗದೆ ಬೇಸತ್ತ ರೈಲ್ವೆ ಕಂಪನಿಗಳು 1883ರ ನವೆಂಬರ್ 18ರಂದು ಕಾಲವಲಯಗಳನ್ನು ಜಾರಿಗೆ ತಂದವು. ಸರ್ಕಾರ ಅದಕ್ಕೆ ಕಾನೂನಿನ ಮುದ್ರೆ ಒತ್ತಿದ್ದು 1918ರಲ್ಲಿ.

ಇಡೀ ದೇಶಕ್ಕೆ ಹೊತ್ತು ಗೊತ್ತು ಮಾಡಿಕೊಟ್ಟ ರೈಲು ಇಂದು ತಾನೇ ಹೊತ್ತಿಗೆ ಸರಿಯಾಗಿ ಬರುವುದು ಕಷ್ಟವಾಗಿದೆ. ಜೆಫರ್ ಓಡುವ ಹಾದಿಯ ಬಹುಭಾಗ ಆಮ್‌ಟ್ರಾಕ್‌ನದಲ್ಲ; ಸರಕು ಸಾಗಿಸುವ ಖಾಸಗಿ ಕಂಪನಿಗಳದು. ಪ್ರಯಾಣಿಕ ರೈಲಿಗೇ ಮೊದಲ ದಾರಿ ಬಿಡಬೇಕೆಂದು 1973ರಿಂದ ಕಾನೂನಿದೆ. ಆದರೆ ಎಷ್ಟೋ ಗೂಡ್ಸ್ ರೈಲುಗಳು ಈಗ ಮೂರು ಕಿಲೋಮೀಟರಿಗೂ ಉದ್ದ. ಕ್ರಾಸಿಂಗ್‌ಗೆಂದು ಹಾಕಿದ ಪಕ್ಕದ ಹಳಿಯಲ್ಲಿ ಅವು ಹಿಡಿಸುವುದಿಲ್ಲ. ಆಗ ಪಕ್ಕಕ್ಕೆ ಸರಿದು ಕಾಯಬೇಕಾದುದು ಚಿಕ್ಕದಾದ ಪ್ರಯಾಣಿಕ ರೈಲೇ. ಹೀಗೆ ಗಂಟೆಗಟ್ಟಲೆ ತಡವಾಗುವುದುಂಟು.

ಆದರೂ ಹತ್ತುವವರಿದ್ದಾರೆ. ನೋಟ ನೋಡಲು ಬಂದ ಪ್ರವಾಸಿಗರು ಒಂದು ಪಾಲು ಮಾತ್ರ. ಕಾರು ಓಡಿಸಲಾಗದ ವೃದ್ಧರು, ಊರಿಗೆ ಹೊರಟ ವಿದ್ಯಾರ್ಥಿಗಳು, ಕಾರು ಇಟ್ಟುಕೊಳ್ಳದ, ಸಾಮಾನ್ಯವಾಗಿ ವಿಮಾನವನ್ನೂ ಏರದ ಆಮಿಶ್ ಪಂಥದ ಕ್ರೈಸ್ತ ಕುಟುಂಬಗಳು ಇದರ ಕಾಯಂ ಗಿರಾಕಿಗಳು. ಬಹಳಷ್ಟು ಜನ ಕೊನೆಯ ತನಕ ಹೋಗುವುದೇ ಇಲ್ಲ. ಒಂದು ಸಣ್ಣ ಊರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತಾರೆ. ನೆಬ್ರಾಸ್ಕದ ಹೋಲ್ಡ್ರೆಜ್, ಮೆಕುಕ್‌ನಂಥ ಪುಟ್ಟ ಊರುಗಳಿಗೆ ಜೆಫರ್ ಬರುವುದು ನಡುರಾತ್ರಿ ಕಳೆದ ಮೇಲೆ. ಅಲ್ಲೂ ಪೆಟ್ಟಿಗೆ ಹಿಡಿದು ಕಾಯುವವರಿರುತ್ತಾರೆ.

750 ಮೈಲಿಗಿಂತ ದೂರ ಓಡುವ ಇಂಥ ರೈಲುಗಳ ನಷ್ಟವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಅದಕ್ಕೇ ಖರ್ಚು ಕಡಿತದ ಮಾತು ಬಂದಾಗಲೆಲ್ಲ ಕಣ್ಣು ಇವುಗಳ ಮೇಲೆ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಜೆಫರ್ ಓಡಾಟವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಲಾಗಿತ್ತು. ಸಂಸತ್ತು ಹಣ ಕೊಟ್ಟ ಮೇಲೆ 2021ರಲ್ಲಿ ಅದು ಮತ್ತೆ ದಿನನಿತ್ಯದ ರೈಲಾಯಿತು. ವಿಮಾನದೊಡನೆ ವೇಗದ ಪೈಪೋಟಿಯಲ್ಲಿ ಈ ರೈಲು ಎಂದೋ ಸೋತಿದೆ. ಆದರೆ ವಿಮಾನ ಇಳಿಯದ ಊರುಗಳ ಜನ ಅದರ ಬೆಲೆಯನ್ನು ವೇಗದಿಂದ ಅಳೆಯುವುದಿಲ್ಲ. ತಡವಾದರೂ ಸರಿ, ಅದು ತಮ್ಮೂರಿನಲ್ಲಿ ನಿಲ್ಲುತ್ತದೆ ಎಂಬುದೇ ಅವರಿಗೆ ಮುಖ್ಯ.