ನೋಡಿದ ಕಾಗದ

‘ವೀಸಾ’ ಎಂಬ ಪದ ಲ್ಯಾಟಿನ್ ಭಾಷೆಯಿಂದ ಬಂದದ್ದು. ‘ನೋಡಲಾದ ಕಾಗದ’ ಎಂಬುದು ಅದರ ಮೂಲಾರ್ಥ. ಪರದೇಶದ ಅಧಿಕಾರಿ ನಮ್ಮ ಕಾಗದವನ್ನು ನೋಡಿ, ಒಳಗೆ ಬರಬಹುದೆಂದು ಒಪ್ಪಿದ್ದಕ್ಕೆ ಅದು ಗುರುತು. ಅಧಿಕಾರಿಯೇನೋ ನೋಡಿದ್ದಾನೆ, ಹೊರಡುವವನು ನೋಡಿದ್ದಾನೆಯೇ? ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಈ ವಿಚಾರ ಏಕೆಂದು ಕೇಳುಗರಿಗೆ ಅನಿಸಬಹುದು. ಓದುವುದೊಂದೇ ನನಗೆ ತಿಳಿದ ವಿದ್ಯೆ. ಇಲ್ಲಿ ಬೇಕಾದುದೂ ಅದೇ.

2023ರ ದೀಪಾವಳಿಗೆ ಮುಂಚೆ, ಕಲಬುರಗಿಯ ನಮ್ಮ ಮನೆಗೆ ಕಮಲಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ಬಂದ. ಹುಡುಗ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವನು. “ದುಬೈ ವೀಸಾ ಬಂದದರಿ ಸರ್, ಒಂದ್ಸಲ ನೋಡ್ರಿ” ಎಂದ ತಂದೆ. ಕೆಂಪು ಬಾಳೆಯ ತೋಟದ ಮೇಲೆ ಸಾಲ ಎತ್ತಿ ಏಜೆಂಟನಿಗೆ ಮುಂಗಡ ಕೊಟ್ಟಾಗಿತ್ತು. ಓದಿದೆ. ಅದು ಪ್ರವಾಸಿಗರಿಗೆ ಕೊಡುವ ಭೇಟಿ ವೀಸಾ. ಕೆಲಸ, ಸಂಬಳ, ಮಾಲೀಕ ಯಾವುದರ ಸುಳಿವೂ ಅದರಲ್ಲಿರಲಿಲ್ಲ. “ಅಲ್ಲಿ ಹೋದ ಮ್ಯಾಲ ಬದಲಿ ಮಾಡಿಸಿ ಕೊಡ್ತಾರಂತರಿ” ಎಂದ ಹುಡುಗ.

ಕ್ರಮವಾದ ದಾರಿ ಬೇರೆ. ದುಬೈ ಸೇರಿದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮೊದಲು ಮಾಲೀಕನಿಂದ ಕೆಲಸದ ಪ್ರಸ್ತಾವಪತ್ರ ಬರಬೇಕು. ಕಾರ್ಮಿಕ ಅದನ್ನೊಪ್ಪಿ ಸಹಿ ಮಾಡಬೇಕು. ಅನಂತರ ಮಾಲೀಕನೇ ಅಲ್ಲಿನ ಸರ್ಕಾರದಿಂದ ಪರವಾನಗಿ ಪಡೆದು, ಕಾರ್ಮಿಕನ ಹೆಸರಿಗೆ ಉದ್ಯೋಗದ ಪ್ರವೇಶಪತ್ರ ತರಿಸಬೇಕು. ವೈದ್ಯಕೀಯ ಪರೀಕ್ಷೆ, ನಿವಾಸದ ಗುರುತುಚೀಟಿ ಆಮೇಲಿನವು. ಭೇಟಿ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಸಿಗದಿದ್ದರೆ ಕೇಳಲು ಕೈಯಲ್ಲಿ ಕಾಗದವಿರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ತಂದೆಯ ಮುಖ ಕಪ್ಪಿಟ್ಟಿತು. “ಕೊಟ್ಟ ರೊಕ್ಕ ಹೋಗ್ತದಲ್ರಿ ಸರ್” ಎಂದ. ಹೋಗಬಹುದೆಂದೆ. ಇಬ್ಬರೂ ಚಹ ಮುಟ್ಟದೆ ಎದ್ದುಹೋದರು. ಒಬ್ಬರ ಅನ್ನಕ್ಕೆ ಅಡ್ಡ ಬಂದೆನೇ ಎಂಬ ಅಳುಕು ನನ್ನನ್ನು ಬಹುದಿನ ಕಾಡಿತು.

ನಮ್ಮ ದೇಶದ 1983ರ ವಲಸೆ ಕಾಯ್ದೆಯಲ್ಲಿ ವಿಚಾರಾರ್ಹವಾದ ಏರ್ಪಾಟೊಂದಿದೆ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಯ ದೇಶಗಳೂ ಸೇರಿದಂತೆ ಕೆಲವು ರಾಷ್ಟ್ರಗಳಿಗೆ ದುಡಿಯಹೋಗಬೇಕಾದರೆ, ವಲಸೆಗಾರರ ರಕ್ಷಣಾಧಿಕಾರಿ ಅವರ ಕಾಗದಗಳನ್ನು ಪರಿಶೀಲಿಸಿ ಅನುಮತಿ ನೀಡಬೇಕು. ಪಾಸಾದವರಿಗೆ ಈ ಕಟ್ಟು ಇಲ್ಲ. ಓದಬಲ್ಲವನು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲನೆಂಬ ನಂಬಿಕೆ ಇದರ ಹಿಂದಿದೆ. ಆದರೆ ಯಾವ ಭಾಷೆಯಲ್ಲಿ ಓದಬಲ್ಲವನು?

2024ರ ಫೆಬ್ರವರಿಯಲ್ಲಿ ಈ ಪ್ರಶ್ನೆ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದು ನಿಂತಿತು. ಕಾವಲಿನ ಕೆಲಸವೆಂದು ನಂಬಿ ರಷ್ಯಕ್ಕೆ ಹೋದ ಕಲಬುರಗಿ ಜಿಲ್ಲೆಯ ಮೂವರು ಯುವಕರು ಉಕ್ರೇನ್ ಯುದ್ಧದ ಅಂಚಿಗೆ ತಳ್ಳಲ್ಪಟ್ಟಿದ್ದರು. ತಮಗೆ ತಿಳಿಯದ ರಷ್ಯನ್ ಭಾಷೆಯ ಕರಾರಿಗೆ ಸಹಿ ಮಾಡಿಸಿಕೊಂಡರೆಂಬುದು ಅಂಥವರ ಅಳಲಾಗಿತ್ತು. ಮಾರ್ಚ್‌ನಲ್ಲಿ ಸಿ.ಬಿ.ಐ. ಇಂಥ ಏಜೆಂಟರ ಮೇಲೆ ಮೊಕದ್ದಮೆ ದಾಖಲಿಸಿತು. ನಮ್ಮವರು ಸೆಪ್ಟೆಂಬರ್‌ನಲ್ಲಿ ಮರಳಿದರು. ಎಲ್ಲ ಭಾರತೀಯರಿಗೂ ಆ ಭಾಗ್ಯವಿರಲಿಲ್ಲ. ಗುಜರಾತಿನ ತರುಣನೊಬ್ಬ ಅಲ್ಲಿಯೇ ಮಡಿದ.

ಸಹಿಗೆ ಮೊದಲು ನೋಡಬೇಕಾದುದು ಬಹಳವಿಲ್ಲ. ಏಜೆಂಟ ವಿದೇಶಾಂಗ ಸಚಿವಾಲಯದ ನೋಂದಣಿ ಪಡೆದವನೇ ಎಂಬುದನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ಆತ ಪಡೆಯಬಹುದಾದ ಶುಲ್ಕಕ್ಕೆ ತೆರಿಗೆಯ ಹೊರತು 30,000 ರೂಪಾಯಿಯ ಮಿತಿಯಿದೆ. ವೀಸಾದ ಬಗೆ, ಮಾಲೀಕನ ಹೆಸರು, ಕೆಲಸ, ಸಂಬಳ ಇವು ಬಾಯಿಮಾತಿಗೂ ಕಾಗದಕ್ಕೂ ಒಂದೇ ಆಗಿರಬೇಕು.

ಎಮಿರೇಟ್ಸ್ ಸರ್ಕಾರ 2016ರಲ್ಲಿ, ಪ್ರಸ್ತಾವಪತ್ರ ಅರಬ್ಬಿ ಮತ್ತು ಇಂಗ್ಲಿಷಿನೊಡನೆ ಕಾರ್ಮಿಕನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಇರಬೇಕೆಂದು ವಿಧಿಸಿತು. ಆಗ ಗೊತ್ತುಮಾಡಿದ ಭಾಷೆಗಳಲ್ಲಿ ಹಿಂದಿ, ಉರ್ದು, ಮಲಯಾಳ, ತಮಿಳು ಇದ್ದವು, ಕನ್ನಡ ಇರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಆ ಹುಡುಗ ಒಬ್ಬನೇ ಬಂದ. ಮುಂಗಡ ಮರಳಿರಲಿಲ್ಲ, ಸಾಲ ತೀರಿರಲಿಲ್ಲ. ಆದರೆ ಕೈಯಲ್ಲಿ ಮಾಲೀಕನ ಹೆಸರಿದ್ದ ಪ್ರಸ್ತಾವಪತ್ರವಿತ್ತು. ನಾನು ಓದಲಿಲ್ಲ, ಅವನಿಗೇ ಓದೆಂದೆ. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ತಡೆದು ತಡೆದು ಓದಿ, ಸಾಲುಸಾಲಿಗೂ ಕನ್ನಡದಲ್ಲಿ ಅರ್ಥ ಹೇಳಿದ. ನಾನು ಇಂಗ್ಲಿಷಿನೊಡನೆ ತಾಳೆ ನೋಡುತ್ತ ಹೋದೆ. ಒಂದು ಕಡೆ ನಿಲ್ಲಿಸಿ, “ಸರ್, ರಜಾದ ಮಾತು ಇದರಾಗ ಅವರು ಹೇಳಿದಂಗ ಇಲ್ರಿ, ಕೇಳ್ತೀನಿ” ಎಂದ. ಅಂದು ಚಹ ಕುಡಿದೇ ಹೋದ.